ಕೊನೆಯಿಲ್ಲದ ಕಹಳೆಗೆ ಮೂರು ಸಾವಿರ ಲೀಟರ್ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ, ತವರು ಧಾರವಾಡ. ಬಿ.ಎಸ್‌ಸಿ. ಮುಗಿಸಿ ಹದಿನಾರು ವರ್ಷ ಆಯಿತು. ಈಗ ಮನೆಯಲ್ಲೇ ಎಂಜಿನಿಯರಿಂಗ್ ಮೊದಲ ವರ್ಷದ ಐದಾರು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಮೊನ್ನೆ ವೈ = 1/ಎಕ್ಸ್ ಗೆರೆಯನ್ನು ಎಕ್ಸ್ ಅಕ್ಷದ ಸುತ್ತ ತಿರುಗಿಸುವ ಲೆಕ್ಕ ಬಂತು. ಎಕ್ಸ್ 1ರಿಂದ ಶುರು, ಆಚೆ ಕೊನೆಯೇ ಇಲ್ಲ. ಘನಫಲ ಪೈ ಅಂತ ಬಂತು. ಒಬ್ಬ ಹುಡುಗನ ತಂದೆ ಪೇಂಟಿಂಗ್ ಕಂಟ್ರಾಕ್ಟರ್. ಅವನು ಕೇಳಿದ: "ಆಂಟಿ, ಗೆರೆಯ ಕೆಳಗಿನ ವಿಸ್ತೀರ್ಣವೂ ಅನಂತ, ಮೈಮೇಲಿನ ವಿಸ್ತೀರ್ಣವೂ ಅನಂತ, ಹೊಟ್ಟೆ ಮಾತ್ರ ಹೇಗೆ ತುಂಬುತ್ತೆ? ಒಳಗೆ ಬಣ್ಣ ತುಂಬಿಸಬಹುದು, ಗೋಡೆಗೆ ಬಳಿಯೋಕೆ ಆಗಲ್ಲ ಅಂದ್ರೆ ಏನರ್ಥ?" ನನಗೆ ಉತ್ತರ ಹೊಳೆಯಲಿಲ್ಲ. ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಎಕ್ಸ್ 1,000 ಆಗುವವರೆಗೆ ವಿಸ್ತೀರ್ಣ 6.9, ಹತ್ತು ಸಾವಿರದವರೆಗೆ 9.2. ಎಲ್ಲೋ ಒಂದು ಕಡೆ ನಿಲ್ಲುತ್ತೆ ಅನ್ನಿಸುತ್ತಿದೆ. ಇನ್ನೆರಡು ಲೆಕ್ಕದಲ್ಲೂ ಸಿಕ್ಕಿಹಾಕಿಕೊಂಡಿದ್ದೇನೆ. 1ರಿಂದ ಆಚೆಗೆ 1/ಎಕ್ಸ್² ಕೆಳಗಿನ ವಿಸ್ತೀರ್ಣ 1. ಅದನ್ನು ವೈ ಅಕ್ಷದ ಸುತ್ತ ತಿರುಗಿಸಿದರೆ ಘನಫಲ ಅನಂತ ಬರುತ್ತಿದೆ. ಎಲ್ಲಿ ತಪ್ಪಿದೆ? ಹಾಗೇ 1/ಎಕ್ಸ್ ಅನ್ನು −1ರಿಂದ 1ರವರೆಗೆ ಎಕ್ಸ್ ಅಕ್ಷದ ಸುತ್ತ ತಿರುಗಿಸಿದಾಗ −2 ಪೈ ಬಂತು. ಘನಫಲ ಮೈನಸ್ ಇರಲ್ಲ ಅಂತ ಗುರುತು ತೆಗೆದು 2 ಪೈ ಅಂತ ಬರೆಸಿದೆ. ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನೇನೋ ಅಂತ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ವೈ ಅಕ್ಷದ ಲೆಕ್ಕದಲ್ಲಿ ನೀವು ಎಲ್ಲೂ ತಪ್ಪಿಲ್ಲ. ಅನಂತವೇ ಸರಿಯಾದ ಉತ್ತರ. 2 ಪೈ ಮಾತ್ರ ತಪ್ಪು. ಮುಂದಿನ ಪಾಠದ ದಿನ ಮಕ್ಕಳ ಎದುರಿಗೇ ತಿದ್ದಿಬಿಡಿ. ಟೀಚರ್ ತಮ್ಮ ತಪ್ಪನ್ನು ಬೋರ್ಡಿನ ಮೇಲೆ ತಿದ್ದಿದ ಲೆಕ್ಕವನ್ನು ಮಕ್ಕಳು ಮರೆಯುವುದಿಲ್ಲ. ಮುಂಬೈಯ ಕಾಲೇಜಿನಲ್ಲಿ 27 ವರ್ಷ ಇದೇ ಪಾಠ ಮಾಡಿದವನ ಅನುಭವದ ಮಾತು ಇದು.

ಇನ್ನು ಪೇಂಟಿಂಗ್ ಕಂಟ್ರಾಕ್ಟರ್ ಮಗನ ಪ್ರಶ್ನೆ. ಅವನಿಗೆ ನನ್ನ ಕಡೆಯಿಂದ ಬೆನ್ನು ತಟ್ಟಿ. ಆ ಆಕಾರದ ಘನಫಲವನ್ನು ಮೊದಲು ಕಂಡುಹಿಡಿದವನು ಇಟಲಿಯ ಟೊರಿಸೆಲ್ಲಿ, 1641ರಲ್ಲಿ. ಪಾದರಸದ ಬ್ಯಾರೋಮೀಟರ್ ಮಾಡಿದ ಟೊರಿಸೆಲ್ಲಿಯೇ. 1644ರಲ್ಲಿ ಅದನ್ನು ಅಚ್ಚು ಹಾಕಿಸಿದ. ಆಗ ನ್ಯೂಟನ್ ಇನ್ನೂ ತೊಟ್ಟಿಲ ಕೂಸು, ಸಣ್ಣ ಸಣ್ಣ ತುಂಡುಗಳನ್ನು ಕೂಡಿಸುವ ಇಂಟಿಗ್ರಲ್ ಅನ್ನೋ ಗುರುತೇ ಇರಲಿಲ್ಲ. ಉದ್ದಕ್ಕೆ ಕೊನೆಯಿಲ್ಲ, ಆದರೂ ಘನಫಲಕ್ಕೆ ಕೊನೆಯಿದೆ ಅನ್ನುವುದನ್ನು ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್‌ಗೆ ಒಪ್ಪಿಕೊಳ್ಳಲು ಆಗಲೇ ಇಲ್ಲ. ಅಂಥವರಿಗೇ ತೊಡಕಾದದ್ದು ಡೊಂಬಿವಲಿಯ ಹುಡುಗನಿಗೂ ತೊಡಕಾದರೆ ಅದರಲ್ಲಿ ನಾಚಿಕೆ ಏನಿದೆ? ಈಗ ಇದನ್ನು ಗೇಬ್ರಿಯಲ್ ಕಹಳೆ ಎಂದೂ ಟೊರಿಸೆಲ್ಲಿ ಕಹಳೆ ಎಂದೂ ಕರೆಯುತ್ತಾರೆ.

ನಿಮ್ಮ ಗೊಂದಲದ ಬೇರು ಒಂದೇ. ಒಂದು ಅನಂತ ಆದರೆ ಎಲ್ಲವೂ ಅನಂತ ಆಗಬೇಕು ಅಂತ ಮನಸ್ಸು ಸುಮ್ನೆ ಅಂದುಕೊಂಡುಬಿಡುತ್ತದೆ. ಅದಕ್ಕೆ ಸೂತ್ರ ಬಿಟ್ಟು, ಕಹಳೆಯನ್ನು ತುಂಡು ಮಾಡಿ ನೋಡಿ. ಸಮ ತುಂಡು ಬೇಡ, ದುಪ್ಪಟ್ಟು ತುಂಡು. ಮೊದಲ ತುಂಡು 1ರಿಂದ 2. ಎರಡನೆಯದು 2ರಿಂದ 4. ಮೂರನೆಯದು 4ರಿಂದ 8. ಹೀಗೆ ಪ್ರತಿ ತುಂಡೂ ಹಿಂದಿನದಕ್ಕಿಂತ ಎರಡರಷ್ಟು ಉದ್ದ, ಅರ್ಧದಷ್ಟು ಎತ್ತರ. ಈಗ ಗೆರೆಯ ಕೆಳಗಿನ ವಿಸ್ತೀರ್ಣ ನೋಡಿ. ಉದ್ದ ಎರಡು ಪಟ್ಟು, ಎತ್ತರ ಅರ್ಧ. ಗುಣಿಸಿದರೆ ಅಷ್ಟಕ್ಕಷ್ಟೇ. ಅಂದರೆ ಪ್ರತಿ ತುಂಡಿನ ವಿಸ್ತೀರ್ಣವೂ ಒಂದೇ, 0.693. ತುಂಡುಗಳಿಗೆ ಕೊನೆಯಿಲ್ಲ. 0.693 ಅನ್ನು ಕೂಡಿಸುತ್ತಲೇ ಹೋದರೆ ಯಾವ ಸಂಖ್ಯೆಯನ್ನೂ ದಾಟಬಹುದು. ಅದಕ್ಕೇ ವಿಸ್ತೀರ್ಣ ಅನಂತ.

ಅದೇ ತುಂಡುಗಳನ್ನು ತಿರುಗಿಸಿ. ಎತ್ತರ ಈಗ ತ್ರಿಜ್ಯ ಆಯಿತು. ತ್ರಿಜ್ಯ ಅರ್ಧ ಆದರೆ ಅಡ್ಡ ಕೊಯ್ದ ವೃತ್ತ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಉದ್ದ ಎರಡು ಪಟ್ಟು, ಅಡ್ಡ ಕೊಯ್ತ ಕಾಲು. ಗುಣಿಸಿದರೆ ಅರ್ಧ. ಮೊದಲ ತುಂಡಿನ ಘನಫಲ ಪೈ/2, ಎರಡನೆಯದು ಪೈ/4, ಮೂರನೆಯದು ಪೈ/8. ಅರ್ಧ ರೊಟ್ಟಿ, ಕಾಲು ರೊಟ್ಟಿ, ಅರೆಕಾಲು ರೊಟ್ಟಿ ಅಂತ ಎಷ್ಟು ಹೊತ್ತು ಕೂಡಿಸಿದರೂ ಒಂದು ರೊಟ್ಟಿ ದಾಟುವುದಿಲ್ಲ, ಅಲ್ವಾ? ಹಾಗೇ ಇಲ್ಲಿ ಒಟ್ಟು ಪೈ.

ಮೈಮೇಲಿನ ವಿಸ್ತೀರ್ಣ? ಅಲ್ಲಿ ತ್ರಿಜ್ಯದ ವರ್ಗ ಬರುವುದಿಲ್ಲ, ಸುತ್ತಳತೆ ಬರುತ್ತದೆ. ಸುತ್ತಳತೆ ಅರ್ಧ, ಉದ್ದ ಎರಡು ಪಟ್ಟು. ಮತ್ತೆ ಅಷ್ಟಕ್ಕಷ್ಟೇ. ಪ್ರತಿ ತುಂಡಿನ ಮೈಯೂ ಕನಿಷ್ಠ 4.35. ಅದಕ್ಕೇ ಅದೂ ಅನಂತ. ಎಲ್ಲಾ ನಡೆದಿರುವುದು ಆ ಒಂದು ವರ್ಗದಲ್ಲಿ. ವರ್ಗ ಮಾಡಿದರೆ ಸಣ್ಣ ಸಂಖ್ಯೆ ಇನ್ನೂ ಬೇಗ ಸಣ್ಣದಾಗುತ್ತದೆ. ಹುಡುಗನಿಗೆ ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಉಳಿದ ಅರ್ಧಕ್ಕೆ ನಾನು ತರಗತಿಯಲ್ಲಿ ಕಹಳೆಯನ್ನು ಸೆಂಟ್ರಲ್ ರೈಲ್ವೆ ಹಳಿಯ ಮೇಲೆ ಮಲಗಿಸುತ್ತೇನೆ. ಮುಂಬೈ ಮಕ್ಕಳಿಗೆ ಲೋಕಲ್ ಟ್ರೈನ್ ಬಿಟ್ಟು ಬೇರೆ ಅಳತೆಗೋಲು ಬೇಕಿಲ್ಲ. ಹಳಿ ನೇರ ಇದೆ, 1 ಅಂದರೆ 1 ಮೀಟರ್ ಅಂದುಕೊಳ್ಳಿ. ಮಾಟುಂಗ ಸ್ಟೇಷನ್ನಿನಲ್ಲಿ ಕಹಳೆಯ ಬಾಯಿ, ತ್ರಿಜ್ಯ 1 ಮೀಟರ್. ಒಬ್ಬ ಮನುಷ್ಯ ನಿಂತುಕೊಳ್ಳಬಹುದು. 1 ಕಿಲೋಮೀಟರ್ ಹೋಗುವಷ್ಟರಲ್ಲಿ ತ್ರಿಜ್ಯ 1 ಮಿಲಿಮೀಟರ್. ಘಾಟ್ಕೋಪರ್ ಹತ್ತಿರ, ಅಂದರೆ 10 ಕಿಲೋಮೀಟರ್ ಹೊತ್ತಿಗೆ, ಮಿಲಿಮೀಟರಿನ ಹತ್ತನೇ ಒಂದು ಭಾಗ. ನಿಮ್ಮ ಡೊಂಬಿವಲಿ ಮಾಟುಂಗದಿಂದ ಸುಮಾರು 38 ಕಿಲೋಮೀಟರ್. ಅಲ್ಲಿ ಕಹಳೆಯ ದಪ್ಪ ಒಂದು ಕೂದಲೆಳೆಯಷ್ಟು.

ಈಗ ಡೊಂಬಿವಲಿಯಿಂದ ಆಚೆಗೆ, ಕಲ್ಯಾಣ್, ಕರ್ಜತ್, ಪುಣೆ ದಾಟಿ, ಕೊನೆಯೇ ಇಲ್ಲದೆ ಹೋಗುವ ಅಷ್ಟೂ ಕಹಳೆಯಲ್ಲಿ ಎಷ್ಟು ಹಿಡಿಯುತ್ತದೆ? ಪೈಯನ್ನು 38,000ದಿಂದ ಭಾಗಿಸಿ. ಸುಮಾರು 83 ಮಿಲಿಲೀಟರ್. ಸ್ಟೇಷನ್ ಹೊರಗೆ ಸಿಗುವ ಒಂದು ಕಟಿಂಗ್ ಚಹಾದಷ್ಟು. ಪುಣೆಯಿಂದ ಆಚೆಗೆ, 180 ಕಿಲೋಮೀಟರ್ ಅಂತ ಹಿಡಿದರೆ, 17 ಮಿಲಿಲೀಟರ್ ಚಿಲ್ಲರೆ. ಮೂರೂವರೆ ಟೀ ಚಮಚ. ಇಡೀ ಕಹಳೆಗೆ ಪೈ ಘನ ಮೀಟರ್, ಅಂದರೆ 3,141 ಲೀಟರ್. ನಮ್ಮ ಬಿಲ್ಡಿಂಗುಗಳ ಟೆರೇಸ್ ಮೇಲೆ ಇರುತ್ತವಲ್ಲ, ಆ ಸಾವಿರ ಲೀಟರಿನ ಕಪ್ಪು ಟ್ಯಾಂಕ್, ಅಂಥ ಮೂರು ಟ್ಯಾಂಕ್ ನೀರು ಮತ್ತು ಇನ್ನೊಂದಿಷ್ಟು. ಕೊನೆಯಿಲ್ಲದ ಬಾಲದಲ್ಲಿ ಏನೂ ಹಿಡಿಯುವುದೇ ಇಲ್ಲ ಅನ್ನುವುದನ್ನು ಒಮ್ಮೆ ಹೀಗೆ ಕಂಡ ಮೇಲೆ ಪೈ ಅನ್ನುವ ಉತ್ತರ ಆಶ್ಚರ್ಯ ಅನ್ನಿಸುವುದಿಲ್ಲ.

ಎಕ್ಸೆಲ್ ನಿಮ್ಮನ್ನು ದಾರಿ ತಪ್ಪಿಸಿದ್ದು ಯಾಕೆ ಅಂತಲೂ ಇಲ್ಲೇ ಗೊತ್ತಾಗುತ್ತದೆ. ಮೈಮೇಲಿನ ವಿಸ್ತೀರ್ಣ ಅನಂತ ಅನ್ನುತ್ತೇವೆ. ಆದರೆ ಮಾಟುಂಗದಿಂದ ಪುಣೆಯವರೆಗೆ ಕಹಳೆಯ ಮೈ ಎಷ್ಟು ಗೊತ್ತಾ? ಸುಮಾರು 77 ಚದರ ಮೀಟರ್. 800 ಚದರ ಅಡಿಯ ಫ್ಲ್ಯಾಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚಂದ್ರನವರೆಗೆ ಎಳೆದರೂ 125 ಚದರ ಮೀಟರ್. ಇದು ಅನಂತಕ್ಕೆ ಹೋಗುವುದು ಸತ್ಯ, ಆದರೆ ಹೋಗುವ ನಡಿಗೆ ಅಷ್ಟು ನಿಧಾನ. ನಿಮ್ಮ 6.9 ಮತ್ತು 9.2 ಕೂಡ ಹಾಗೇ. ಎಕ್ಸ್ ಹತ್ತು ಪಟ್ಟು ಆದಾಗಲೆಲ್ಲ 2.3 ಕೂಡುತ್ತದೆ. ಮುಂದೆ 11.5, ಆಮೇಲೆ 13.8. ಎಂದೂ ನಿಲ್ಲುವುದಿಲ್ಲ. ಒಂದು ಮೊತ್ತ ನಿಧಾನವಾಗಿ ಬೆಳೆಯುವುದಕ್ಕೂ ಒಂದು ಕಡೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಎಕ್ಸೆಲ್ಲಿಗೆ ಕಾಣುವುದಿಲ್ಲ. ಅದು ಕಾಣುವುದು ಲಿಮಿಟ್ ತೆಗೆದಾಗ, ಅಂದರೆ ಎಕ್ಸನ್ನು ಕೊನೆಯಿಲ್ಲದೆ ದೂರ ತಳ್ಳಿದರೆ ಮೊತ್ತ ಎಲ್ಲಿಗೆ ಹೋಗುತ್ತದೆ ಅಂತ ನೋಡಿದಾಗ ಮಾತ್ರ. ಕ್ಯಾಲ್ಕ್ಯುಲೇಟರ್ ಬೇಡ ಅನ್ನುತ್ತಿಲ್ಲ. ಉತ್ತರ ಗೊತ್ತಾದ ಮೇಲೆ ತಾಳೆ ನೋಡಲು ಅದು ಒಳ್ಳೆಯದು. ಉತ್ತರ ಇದೆಯೋ ಇಲ್ಲವೋ ಎಂದು ತೀರ್ಮಾನ ಮಾಡಲು ಅದನ್ನು ನಂಬಬೇಡಿ.

ಬಣ್ಣದ ಪ್ರಶ್ನೆಗೆ ಬರೋಣ. "ತುಂಬಿಸಬಹುದು, ಬಳಿಯಲು ಆಗದು" ಅನ್ನುವ ಮಾತು ತುಂಬಾ ಕಡೆ ಓಡಾಡುತ್ತದೆ. ಅದರಲ್ಲಿ ಎರಡು ಬೇರೆ ಬೇರೆ ಬಣ್ಣಗಳನ್ನು ಕಲಸಿದ್ದಾರೆ. ಹುಡುಗನ ತಂದೆ ಗೋಡೆಗೆ ಬಳಿಯುವ ಬಣ್ಣಕ್ಕೆ ಒಂದು ದಪ್ಪ ಇರುತ್ತದೆ. ಕೋಟಿಂಗ್ 0.1 ಮಿಲಿಮೀಟರ್ ಅಂದುಕೊಳ್ಳಿ. ಘಾಟ್ಕೋಪರ್ ಹೊತ್ತಿಗೆ ಕಹಳೆಯ ತ್ರಿಜ್ಯವೇ 0.1 ಮಿಲಿಮೀಟರ್. ಅಲ್ಲಿಂದ ಮುಂದೆ ಅಷ್ಟು ದಪ್ಪದ ಕೋಟಿಂಗ್ ಒಳಗೆ ಹೋಗಲು ಜಾಗವೇ ಇಲ್ಲ. ಹೊರಗಿನಿಂದ ಬಳಿದರೆ ಅದೇ ದಪ್ಪದ ಬಣ್ಣ ಅನಂತ ದೂರ ಬೇಕು, ಡಬ್ಬ ಸಾಲುವುದಿಲ್ಲ. ಇನ್ನೊಂದು, ಗಣಿತದ ಬಣ್ಣ. ಅದನ್ನು ಎಷ್ಟು ಬೇಕಾದರೂ ತೆಳ್ಳಗೆ ಮಾಡಬಹುದು. ಕಹಳೆಯೊಳಗೆ ಅದನ್ನು ಸುರಿದರೆ ಒಳಗೋಡೆ ಪೂರ್ತಿ ಒದ್ದೆಯಾಗುತ್ತದೆ, ಮುಂದೆ ಮುಂದೆ ಹೋದಂತೆ ಪದರ ತೆಳ್ಳಗಾಗುತ್ತಾ ಹೋಗುತ್ತದೆ, ಅಷ್ಟೇ. ಹಾಗೆ ತೆಳ್ಳಗಾಗಲು ಬಿಟ್ಟರೆ ಹೊರಗೋಡೆಗೂ ಒಂದು ಡಬ್ಬ ಸಾಕು. ಚದರ ಮೀಟರನ್ನು ಲೀಟರಿನ ಜೊತೆ ಹೋಲಿಸಬೇಕಾದರೆ ನಡುವೆ ದಪ್ಪ ಅನ್ನುವ ಒಂದು ಸಂಖ್ಯೆ ಬೇಕೇ ಬೇಕು. ಆ ಹುಡುಗ ಮನೆಗೆ ಹೋಗಿ ತಂದೆಯನ್ನೇ ಕೇಳಲಿ, ಒಂದು ಲೀಟರಿಗೆ ಎಷ್ಟು ಚದರ ಅಡಿ ಹೋಗುತ್ತದೆ ಅಂತ. ದಪ್ಪ ಎಷ್ಟು ಅಂತ ಅವರು ಮೊದಲು ವಿಚಾರಿಸುತ್ತಾರೆ.

ಇನ್ನು ಬರೆಯುವ ಕ್ರಮ. ಅನಂತವನ್ನು ಎಂದೂ ನೇರವಾಗಿ ಹಾಕಬೇಡಿ. ಮೊದಲು ಕಹಳೆಯನ್ನು ಎಕ್ಸ್ = ಬಿ ಅನ್ನುವ ಕಡೆ ಕತ್ತರಿಸಿ. 1ರಿಂದ ಬಿವರೆಗೆ ಘನಫಲ ಅಂದರೆ ಪೈ ಗುಣಿಸು 1/ಎಕ್ಸ್² ಇದರ ಇಂಟಿಗ್ರಲ್. ಅದು ಪೈ(1 − 1/ಬಿ). ಈಗ ಬಿಯನ್ನು ದೂರ ತಳ್ಳಿ. 1/ಬಿ ಸೊನ್ನೆಗೆ ಹೋಗುತ್ತದೆ, ಪೈ ಉಳಿಯುತ್ತದೆ. ಎರಡೇ ಸಾಲು. ಆದರೆ ಆ ಬಿ ಇಲ್ಲದೆ, ಮೇಲೆ ಅನಂತದ ಗುರುತು ಹಾಕಿ "1/ಅನಂತ = 0" ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ರಾಶಿ ರಾಶಿ ನೋಡಿದ್ದೇನೆ. ಕೆಲವು ಪರೀಕ್ಷಕರು ಅಂಕ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಹಾಗೆ ಬರೆಯುವ ಮಕ್ಕಳು ಮುಂದೆ 'ಅನಂತ ಮೈನಸ್ ಅನಂತ = 0' ಅಂತಲೂ ಬರೆಯುತ್ತಾರೆ.

ತುಂಬಾ ಮಕ್ಕಳು ನಂಬಿರುವ ಇನ್ನೊಂದು ಮಾತಿದೆ: ಗೆರೆ ಅಕ್ಷದ ಹತ್ತಿರ ಹತ್ತಿರ ಬಂದರೆ ಘನಫಲಕ್ಕೆ ಮಿತಿ ಇದ್ದೇ ಇರುತ್ತದೆ ಅಂತ. ಸುಳ್ಳು. 1/√ಎಕ್ಸ್ ಕೂಡ ಸೊನ್ನೆಗೇ ಹೋಗುತ್ತದೆ. ಅದನ್ನು ತಿರುಗಿಸಿದರೆ ತ್ರಿಜ್ಯದ ವರ್ಗ 1/ಎಕ್ಸ್, ಮತ್ತೆ ಅದೇ 0.693ರ ಕಥೆ, ಘನಫಲ ಅನಂತ. ಹತ್ತಿರ ಬಂದರೆ ಸಾಲದು, ಬೇಗ ಬರಬೇಕು. ಎಷ್ಟು ಬೇಗ? ಗೆರೆ 1/ಎಕ್ಸ್^ಪಿ ಎಂದಿರಲಿ, ಎಕ್ಸ್ 1ರಿಂದ ಆಚೆಗೆ. ವಿಸ್ತೀರ್ಣಕ್ಕೆ ಮಿತಿ ಬರಬೇಕಾದರೆ ಪಿ 1ಕ್ಕಿಂತ ಜಾಸ್ತಿ ಇರಬೇಕು. ಎಕ್ಸ್ ಅಕ್ಷದ ಸುತ್ತ ತಿರುಗಿಸಿದ ಘನಫಲಕ್ಕೆ ಪಿ ಅರ್ಧಕ್ಕಿಂತ ಜಾಸ್ತಿ ಇದ್ದರೆ ಸಾಕು. ವೈ ಅಕ್ಷದ ಸುತ್ತ ಆದರೆ ಪಿ 2ಕ್ಕಿಂತ ಜಾಸ್ತಿ ಬೇಕು. ಅರ್ಧ, ಒಂದು, ಎರಡು. ಸರಿಯಾಗಿ ಗಡಿಯ ಮೇಲೆ ನಿಂತರೆ ಮೂರರಲ್ಲೂ ಅನಂತ. ನನ್ನ ವಿದ್ಯಾರ್ಥಿಗಳಿಗೆ ನಾನು ಬಾಯಿಪಾಠ ಮಾಡಿಸುವುದು ಇದೊಂದನ್ನೇ.

ನಿಮ್ಮ 1/ಎಕ್ಸ್² ಸರಿಯಾಗಿ ಆ ಎರಡರ ಗಡಿಯ ಮೇಲೆ ನಿಂತಿದೆ. ವಿಸ್ತೀರ್ಣ 1 ಇದ್ದೂ ಘನಫಲ ಅನಂತ ಯಾಕೆ? ನೀವು ಧಾರವಾಡದವರು, ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿಯೋ ಕೇಳಿಯೋ ಇರುತ್ತೀರಿ. ನಡುವೆ ಮೇಟಿ ಕಂಬ. ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಕಾಣುತ್ತದೆ. ಕೊನೆಯ ಎತ್ತು ಅದೇ ಒಂದು ಸುತ್ತಿಗೆ ಎಷ್ಟೋ ದೂರ ನಡೆಯುತ್ತದೆ. ವೈ ಅಕ್ಷ ಇಲ್ಲಿ ಮೇಟಿ. ಎಕ್ಸ್ ಅಕ್ಷದ ಸುತ್ತ ತಿರುಗಿಸಿದಾಗ ದೂರದ ಪಟ್ಟಿಗಳು ಅಕ್ಷಕ್ಕೆ ಅಂಟಿಕೊಂಡೇ ತಿರುಗುತ್ತವೆ. ವೈ ಅಕ್ಷದ ಸುತ್ತ ಆದರೆ ಅವೇ ಪಟ್ಟಿಗಳು ಹೊರಸಾಲಿನ ಎತ್ತುಗಳು. ದುಪ್ಪಟ್ಟು ತುಂಡುಗಳಲ್ಲೇ ನೋಡಿ. 1/ಎಕ್ಸ್² ಕೆಳಗೆ ಪ್ರತಿ ತುಂಡಿನ ವಿಸ್ತೀರ್ಣ ಹಿಂದಿನದರ ಅರ್ಧ. ಆದರೆ ಮೇಟಿಯಿಂದ ದೂರ ಎರಡು ಪಟ್ಟು, ಹಾಗಾಗಿ ಸುತ್ತುವ ದಾರಿಯೂ ಎರಡು ಪಟ್ಟು. ಪ್ರತಿ ತುಂಡಿನಿಂದ ಬರುವ ಘನಫಲ ಮತ್ತೆ ಅಷ್ಟಕ್ಕಷ್ಟೇ. ಕೂಡಿಸಿದರೆ ಅನಂತ. ಅದೇ ಗೆರೆಯನ್ನು ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಬರೀ ಪೈ/3. ಅದಕ್ಕೆ ಲೆಕ್ಕ ಓದುವಾಗ ಯಾವ ಅಕ್ಷ ಅನ್ನುವುದರ ಕೆಳಗೆ ಗೆರೆ ಎಳೆಯಲು ಮಕ್ಕಳಿಗೆ ಹೇಳಿ.

ಈಗ ಡಿಸ್ಕ್ ಮೆಥಡ್ ಬಳಸಬೇಕೋ ಶೆಲ್ ಮೆಥಡ್ಡೋ ಅನ್ನುವ ಪ್ರಶ್ನೆ ಬರುತ್ತದೆ. ಇದಕ್ಕೆ ನಾನು ಮಾಟುಂಗ ಮಾರ್ಕೆಟ್ಟಿನಿಂದ ಒಂದು ಗೇಣು ಬಾಳೆದಿಂಡು ಒಯ್ಯುತ್ತಿದ್ದೆ. ಹೊರಗಿನ ಸಿಪ್ಪೆ ಪೂರ್ತಿ ತೆಗೆಯದ್ದನ್ನು ಕೇಳಿ ತರಬೇಕು. ಮೇಜಿನ ಮೇಲಿಟ್ಟು ಚಾಕುವಿನಿಂದ ಅಡ್ಡ ಕೊಯ್ದರೆ ಬಿಲ್ಲೆ ಬಿಲ್ಲೆ, ನಡುವೆ ಜೇಡರ ಬಲೆಯಂಥ ನಾರು ಎಳೆದುಕೊಂಡು ಬರುತ್ತದೆ. ಅದು ಡಿಸ್ಕ್. ಇನ್ನೊಂದು ತುಂಡನ್ನು ಕೊಯ್ಯದೆ, ಪದರ ಪದರವಾಗಿ ಸುಲಿದರೆ ಒಂದರೊಳಗೆ ಒಂದು ಕೊಳವೆ. ಬೆರಳಿಗೆ ಅಂಟು ಅಂಟು. ಅದು ಶೆಲ್. ವಸ್ತು ಒಂದೇ, ಬಿಡಿಸುವ ದಾರಿ ಎರಡು. ಕೊನೇ ಬೆಂಚಿನವರೂ ಎದ್ದು ಬಂದು ನೋಡುತ್ತಿದ್ದರು.

ಟೊರಿಸೆಲ್ಲಿ ಮಾಡಿದ್ದು ಶೆಲ್. ಅದರ ಚೆಂದ ನೋಡಿ. ಕಹಳೆಯ ಹಿಂದೆ 0ಯಿಂದ 1ರವರೆಗೆ ತ್ರಿಜ್ಯ 1 ಇರುವ ಒಂದು ಸಿಲಿಂಡರ್ ಜೋಡಿಸಿ. ಈಗ ಎಕ್ಸ್ ಅಕ್ಷದಿಂದ ವೈ ದೂರದಲ್ಲಿರುವ ಒಂದು ಕೊಳವೆ ಸುಲಿಯಿರಿ. ಅದರ ಸುತ್ತಳತೆ 2 ಪೈ ವೈ. ಉದ್ದ 1/ವೈ. ಗುಣಿಸಿದರೆ 2 ಪೈ. ವೈ ಹೊರಟೇಹೋಯಿತು! ದಪ್ಪ ಕೊಳವೆ ಇರಲಿ, ಸಣ್ಣ ಕೊಳವೆ ಇರಲಿ, ಪ್ರತಿಯೊಂದರ ಮೈಯೂ 2 ಪೈ. ವೈ 0ಯಿಂದ 1ರವರೆಗೆ ಕೂಡಿಸಿದರೆ ಒಟ್ಟು 2 ಪೈ. ಹಿಂದೆ ಜೋಡಿಸಿದ ಸಿಲಿಂಡರಿನ ಘನಫಲ ಪೈ. ಅದನ್ನು ಕಳೆದರೆ ಕಹಳೆಗೆ ಪೈ. ಡಿಸ್ಕಿನಲ್ಲಿ ಬಂದದ್ದೇ ಬಂತು. ಈ ಸಾಲನ್ನು ಬೋರ್ಡಿನ ಮೇಲೆ ಬರೆಯುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡರಲ್ಲಿ ಯಾವುದು ಸುಲಭ ಅನ್ನುವುದು ಲೆಕ್ಕದಿಂದ ಲೆಕ್ಕಕ್ಕೆ ಬೇರೆ. ಗೆರೆ ವೈ = ಇಷ್ಟು ಎಂದು ಕೊಟ್ಟು ಎಕ್ಸ್ ಅಕ್ಷದ ಸುತ್ತ ಅಂದರೆ ಡಿಸ್ಕ್. ಅದೇ ಗೆರೆ ವೈ ಅಕ್ಷದ ಸುತ್ತ ಅಂದರೆ ಶೆಲ್ ಹಗುರ. ಡಿಸ್ಕಿನಲ್ಲಿ ಮಕ್ಕಳು ವರ್ಗ ಮಾಡುವುದನ್ನು ಮರೆಯುತ್ತಾರೆ. ಶೆಲ್ಲಿನಲ್ಲಿ ತ್ರಿಜ್ಯವನ್ನು ಗುಣಿಸುವುದನ್ನು ಮರೆಯುತ್ತಾರೆ. ಇಂಪ್ರಾಪರ್ ಲೆಕ್ಕದಲ್ಲಿ, ಅಂದರೆ ಹೀಗೆ ಎಲ್ಲಾದರೂ ಅನಂತ ಬರುವ ಲೆಕ್ಕದಲ್ಲಿ, ಈ ಮರೆವು ದುಬಾರಿ. ಸಾಮಾನ್ಯ ಲೆಕ್ಕದಲ್ಲಾದರೆ ಉತ್ತರದ ಅಂಕಿ ತಪ್ಪುತ್ತದೆ, ಇಲ್ಲಿ ಮಿತಿ ಇರುವುದು ಅನಂತವಾಗಿ, ಅನಂತ ಮಿತಿಯಾಗಿ ಅದಲು ಬದಲಾಗಿಬಿಡುತ್ತದೆ.

ಇಂಟಿಗ್ರಲ್ ಬಿಡಿಸಲು ಬರದೇ ಇದ್ದಾಗ ಹೋಲಿಕೆಯ ದಾರಿ ಇದೆ. ವೈ = (2 + ಸೈನ್ ಎಕ್ಸ್)/ಎಕ್ಸ್ ಅನ್ನು 1ರಿಂದ ಆಚೆಗೆ ಎಕ್ಸ್ ಅಕ್ಷದ ಸುತ್ತ ತಿರುಗಿಸಿ ಅಂದರೆ ಬಿಡಿಸಲು ಹೋಗಬೇಡಿ. ಮೇಲಿನ ಭಾಗ ಎಂದೂ 3 ದಾಟುವುದಿಲ್ಲ. ವರ್ಗ ಮಾಡಿದರೆ 9. ಹಾಗಾಗಿ ಘನಫಲ ನಮ್ಮ ಕಹಳೆಯ ಒಂಬತ್ತು ಪಟ್ಟು, ಅಂದರೆ 9 ಪೈ ದಾಟುವುದಿಲ್ಲ, ಮಿತಿ ಇದೆ, ಮುಗಿಯಿತು. ಆದರೆ ಹೋಲಿಕೆ ಯಾವ ಕಡೆಗೆ ಅನ್ನುವುದು ಮುಖ್ಯ. ಮಿತಿ ಇರುವುದಕ್ಕಿಂತ ಚಿಕ್ಕದು ಅಂದರೆ ಉಪಯೋಗ. ಮಿತಿ ಇರುವುದಕ್ಕಿಂತ ದೊಡ್ಡದು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಈಗ ನಿಮ್ಮ −2 ಪೈ. ವೈ = 1/ಎಕ್ಸ್, −1ರಿಂದ 1. ಇಲ್ಲಿ ಅನಂತ ಎರಡು ತುದಿಯಲ್ಲಿಲ್ಲ, ನಡುವೆ ಅಡಗಿ ಕೂತಿದೆ. ಎಕ್ಸ್ ಸೊನ್ನೆಯ ಹತ್ತಿರ ಬಂದಾಗ ತ್ರಿಜ್ಯ ಮಿತಿಮೀರಿ ಬೆಳೆಯುತ್ತದೆ. ಸೂತ್ರಕ್ಕೆ ಅದು ಗೊತ್ತಿಲ್ಲ. ಅದು ಸೊನ್ನೆಯ ಮೇಲೆ ಹಾರಿಕೊಂಡು ಹೋಗಿ ಎರಡು ತುದಿಯ ಬೆಲೆಯನ್ನು ಕಳೆಯಿತು, −2 ಪೈ ಕೊಟ್ಟಿತು. ತ್ರಿಜ್ಯದ ವರ್ಗ ಎಂದೂ ಮೈನಸ್ ಆಗುವುದಿಲ್ಲ. ಪ್ಲಸ್ ಸಂಖ್ಯೆಗಳನ್ನೇ ಕೂಡಿಸಿ ಮೈನಸ್ ಬಂತು ಅಂದರೆ ಎಲ್ಲೋ ಸೇತುವೆ ಮುರಿದಿದೆ ಅಂತ ಅರ್ಥ. ಆ ಮೈನಸ್ ನಿಮ್ಮನ್ನು ಎಚ್ಚರಿಸಲು ಬಂದಿತ್ತು. ಅದನ್ನು ಅಳಿಸಬಾರದಿತ್ತು. ಸರಿಯಾದ ದಾರಿ: ಸೊನ್ನೆಯಲ್ಲಿ ಎರಡು ಹೋಳು ಮಾಡಿ. ಬಲಗಡೆ ಹೋಳನ್ನು ಹೆಚ್ ಎಂಬ ಚಿಕ್ಕ ಸಂಖ್ಯೆಯಿಂದ 1ರವರೆಗೆ ತೆಗೆದುಕೊಳ್ಳಿ. ಘನಫಲ ಪೈ(1/ಹೆಚ್ − 1). ಹೆಚ್ 0.01 ಆದರೆ 99 ಪೈ, 0.001 ಆದರೆ 999 ಪೈ. ಹೆಚ್ ಸೊನ್ನೆಗೆ ಹೋದರೆ ಮಿತಿ ಇಲ್ಲ. ಒಂದು ಹೋಳು ಅನಂತ ಆದರೆ ಇಡೀ ಘನಫಲ ಅನಂತ. ಎಡಗಡೆ ನೋಡುವ ಅಗತ್ಯವೇ ಇಲ್ಲ.

ನಡುವೆ ಹೀಗೆ ಬೆಳೆದ ಮಾತ್ರಕ್ಕೆ ಯಾವಾಗಲೂ ಅನಂತ ಅಂತಲೂ ಅಲ್ಲ. ಎಕ್ಸಿನ ಘನಮೂಲವನ್ನು ಕೆಳಗಿಟ್ಟು 1/∛ಎಕ್ಸ್ ತೆಗೆದುಕೊಳ್ಳಿ, ಅದೇ −1ರಿಂದ 1. ಅದೂ ಸೊನ್ನೆಯಲ್ಲಿ ಮೇಲಕ್ಕೆ ಹಾರುತ್ತದೆ. ಹೋಳು ಮಾಡಿ ಬಿಡಿಸಿದರೆ ಒಂದೊಂದು ಕಡೆ 3 ಪೈ, ಒಟ್ಟು 6 ಪೈ. ಇಲ್ಲಿ ಹೋಳು ಮಾಡದೆ ಬಿಡಿಸಿದರೂ 6 ಪೈಯೇ ಬರುತ್ತದೆ. ಅಪಾಯ ಇರುವುದು ಅಲ್ಲೇ. ಒಮ್ಮೆ ಅದೃಷ್ಟ ಕೈಹಿಡಿದರೆ ಮಕ್ಕಳು ಹೋಳು ಮಾಡುವುದನ್ನೇ ಬಿಡುತ್ತಾರೆ. ಇಂಟಿಗ್ರಲ್ ಬರೆಯುವ ಮೊದಲು ಛೇದ ಎಲ್ಲಿ ಸೊನ್ನೆ ಆಗುತ್ತದೆ ಅಂತ ಹುಡುಕಿ, ಪಕ್ಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಸಿ. ಅರ್ಧ ನಿಮಿಷದ ಕೆಲಸ.

ಎರಡೂ ಕಡೆ ಅನಂತಕ್ಕೆ ಹೋಗುವ ಲೆಕ್ಕಗಳ ಬಗ್ಗೆ ಒಂದು ಸಮಾಧಾನದ ಮಾತು. ಸಾಮಾನ್ಯವಾಗಿ ಅಲ್ಲಿ ಪ್ಲಸ್ಸು ಮೈನಸ್ಸು ಹೊಡೆದು ಹೋಗಿ ಸುಳ್ಳು ಉತ್ತರ ಬರುವ ಭಯ ಇರುತ್ತದೆ. ಘನಫಲದಲ್ಲಿ ಆ ಭಯ ಇಲ್ಲ, ಕೂಡಿಸುವುದೆಲ್ಲ ಪ್ಲಸ್. ವೈ = 1/(1 + ಎಕ್ಸ್²) ಅನ್ನು ಪೂರ್ತಿ ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಪೈ²/2. ಬಲಗಡೆ ಅರ್ಧ ಬಿಡಿಸಿ ಎರಡರಿಂದ ಗುಣಿಸಿದರೆ ಸಾಕು.

"ಇದರಿಂದ ಉಪಯೋಗ ಏನು ಆಂಟಿ" ಅಂತ ಮಕ್ಕಳು ನಾಳೆ ಕೇಳಿಯೇ ಕೇಳುತ್ತಾರೆ. ಅವರಿಗೆ ಗಂಟೆಯಾಕಾರದ ಗೆರೆ ತೋರಿಸಿ, ವೈ = ಇ^(−ಎಕ್ಸ್²). ಅಂಕಿಅಂಶ ಶಾಸ್ತ್ರದಲ್ಲಿ ಮುಂದೆ ಎಲ್ಲೆಲ್ಲೂ ಸಿಗುವ ಗೆರೆ ಇದು. ಇದರ ಕೆಳಗಿನ ವಿಸ್ತೀರ್ಣ ಎಷ್ಟು? ನಮಗೆ ಗೊತ್ತಿರುವ ಯಾವ ಸೂತ್ರದಿಂದಲೂ ಇಂಟಿಗ್ರಲ್ ನೇರವಾಗಿ ಬಿಡಿಸಲು ಬರುವುದಿಲ್ಲ. ಆದರೆ ಅದನ್ನು ವೈ ಅಕ್ಷದ ಸುತ್ತ ತಿರುಗಿಸಿ. ಒಂದು ಮಣ್ಣಿನ ದಿಬ್ಬದಂಥ ಆಕಾರ, ಅಂಚು ಕೊನೆಯಿಲ್ಲದೆ ಹರಡಿದೆ. ಶೆಲ್ ಹಾಕಿದರೆ ಆರ್ ದೂರದ ಕೊಳವೆಯ ಸುತ್ತಳತೆ 2 ಪೈ ಆರ್, ಎತ್ತರ ಇ^(−ಆರ್²). ಆ ಆರ್ ಒಂದು ಬಂದು ಸೇರಿಕೊಂಡದ್ದೇ ತಡ, ಬಿಡಿಸಲು ಬರದಿದ್ದ ಇಂಟಿಗ್ರಲ್ ಬಿಡಿಸಿಕೊಳ್ಳುತ್ತದೆ. ಬಿವರೆಗೆ ಪೈ(1 − ಇ^(−ಬಿ²)). ಬಿ ದೂರ ಹೋದರೆ ದಿಬ್ಬದ ಘನಫಲ ಪೈ. ಈಗ ಅದೇ ದಿಬ್ಬವನ್ನು ಬ್ರೆಡ್ಡಿನ ಹಾಗೆ ನೆಟ್ಟಗೆ ಕೊಯ್ಯಿರಿ. ಪ್ರತಿ ಹೋಳೂ ಅದೇ ಗಂಟೆ, ಎತ್ತರ ಮಾತ್ರ ಬೇರೆ ಬೇರೆ, ಆ ಎತ್ತರಗಳೂ ಅದೇ ಗಂಟೆಯ ಪ್ರಕಾರ ಇಳಿಯುತ್ತವೆ. ಹಾಗಾಗಿ ಘನಫಲ ಅಂದರೆ ಗಂಟೆಯ ಪೂರ್ತಿ ವಿಸ್ತೀರ್ಣದ ವರ್ಗ. ವರ್ಗ ಪೈ ಆದರೆ ವಿಸ್ತೀರ್ಣ √ಪೈ. ವೃತ್ತವೇ ಇಲ್ಲದ ಗೆರೆಗೆ ಪೈ ಎಲ್ಲಿಂದ ಬಂತು ಅಂತ ಕೇಳಿದರೆ, ತಿರುಗಿಸಿದಾಗ ಬಂತು ಅನ್ನಿ.

ಕೊನೆಗೆ ಆ ಪೇಂಟಿಂಗ್ ಹುಡುಗನಿಗೆ ಒಂದು ಲೆಕ್ಕ ಕಳಿಸುತ್ತಿದ್ದೇನೆ. ವೈ = 1/√ಎಕ್ಸ್, ಈ ಸಲ 0ಯಿಂದ 1ರವರೆಗೆ. ಎಕ್ಸ್ ಅಕ್ಷದ ಸುತ್ತ ತಿರುಗಿಸಲಿ, ಆಮೇಲೆ ವೈ ಅಕ್ಷದ ಸುತ್ತ ತಿರುಗಿಸಲಿ. ಒಂದರಲ್ಲಿ ಅನಂತ, ಇನ್ನೊಂದರಲ್ಲಿ 4 ಪೈ/3. ಯಾವುದರಲ್ಲಿ ಯಾವುದು ಅಂತ ಮೊದಲು ಊಹೆ ಮಾಡಿ ಬರೆದಿಟ್ಟು, ಆಮೇಲೆ ಬಿಡಿಸಲಿ. 4 ಪೈ/3 ಬಂದ ಕಡೆ ಶೆಲ್ಲಿನಲ್ಲೂ ಡಿಸ್ಕಿನಲ್ಲೂ ಎರಡು ಸಲ ಮಾಡಲಿ. ಡಿಸ್ಕಿನಲ್ಲಿ ವೈ 0ಯಿಂದ 1ರವರೆಗೆ ಒಂದು ಹೋಳು, 1ರಿಂದ ಮೇಲಕ್ಕೆ ಇನ್ನೊಂದು ಹೋಳು ಮಾಡಬೇಕಾಗುತ್ತದೆ. ಅಲ್ಲಿ ತಡವರಿಸಿದರೆ ಸುಳಿವು ಕೊಡಬೇಡಿ, ಸ್ವಲ್ಪ ಹೊತ್ತು ಅವನನ್ನು ಅವನ ಪಾಡಿಗೆ ಬಿಡಿ.